ಸೋಮಾರಿ ಮರದ ತುದಿ

ಫೆಬ್ರವರಿ 18

ನಮ್ಮ ಮನೆ ಎಂದರೆ ಎರಡು ಕೋಣೆ, ಒಂದು ಅಡುಗೆಮನೆ. ಅಡುಗೆಮನೆಯ ಕಿಟಕಿಯಿಂದ ನೀರಿನ ಟ್ಯಾಂಕಿನ ಕಾಲುಗಳು ಕಾಣುತ್ತವೆ, ಟ್ಯಾಂಕು ಕಾಣುವುದಿಲ್ಲ. ನನಗೆ ಎಷ್ಟು ಇಷ್ಟವಾಯಿತೆಂದರೆ, ಬಂದ ತಕ್ಷಣ ಎಲ್ಲ ದೀಪಗಳನ್ನೂ ಹಾಕಿ, ಆರಿಸಿ, ಮತ್ತೆ ಹಾಕಿ ನೋಡಿದೆ. ಇವರು ಸೂಟ್‌ಕೇಸ್ ಹಿಡಿದುಕೊಂಡು ಬಾಗಿಲಲ್ಲೇ ನಿಂತು, "ಮನೆ ಎಲ್ಲೂ ಓಡಿಹೋಗಲ್ಲ ಗಿಣೀ, ನಿಧಾನ" ಎಂದರು. ಮದುವೆಯಾಗಿ ಇನ್ನೂ ತಿಂಗಳು ತುಂಬಿಲ್ಲ, ಆಗಲೇ ನನ್ನ ನಿಜವಾದ ಹೆಸರು ಇವರಿಗೆ ಮರೆತುಹೋಗಿದೆ. ನಗುವಾಗ ಇವರಿಗೆ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ. ಬಲಗೆನ್ನೆಗೆ ಯಾಕೆ ಅಷ್ಟು ಬಿಗುಮಾನ ಎಂದು ಕೇಳಬೇಕು.

ಇವರು ಹಣ್ಣಿನ ತೋಟಗಳ ಇನ್‌ಸ್ಪೆಕ್ಟರು. ಈ ಕಡೆಯ ಪ್ಲಮ್ ಮರಗಳಿಗೆಲ್ಲ ಉಂಗುರ ರೋಗ ತಗುಲಿದೆ. ಎಲೆಯ ಮೇಲೆ ತಿಳಿಯಾದ ಉಂಗುರಗಳು ಮೂಡುತ್ತವೆ, ಕಾಯಿ ಹಣ್ಣಾಗುವ ಮೊದಲೇ ಉದುರಿಹೋಗುತ್ತದೆ. ಇದಕ್ಕೆ ಔಷಧಿಯಿಲ್ಲ. ಎಲೆಯ ರಸ ಹೀರುವ ಹೇನುಗಳು ಒಂದು ಮರದ ರೋಗವನ್ನು ಇನ್ನೊಂದಕ್ಕೆ ದಾಟಿಸುತ್ತವೆ. ಹಾಗಾಗಿ ರೋಗದ ಮರ ಕಂಡರೆ ಕಾಂಡಕ್ಕೆ ಕೆಂಪು ಪಟ್ಟಿ ಬಳಿದು, ಬುಡಸಮೇತ ಕೀಳಿಸುವುದು ಇವರ ಕೆಲಸ. ಸೋಮವಾರ ಹೋದರೆ ಶುಕ್ರವಾರ ಬರುತ್ತಾರೆ. ಚಳಿಗಾಲಕ್ಕೆ ಸರ್ವೆ ಮುಗಿಯುತ್ತದೆ, ಆಮೇಲೆ ನಗರದ ಹೆಡ್ಡಾಫೀಸು. ಅಲ್ಲಿಂದ ಅಮ್ಮನ ಮನೆಗೆ ಒಂದೇ ಬಸ್ಸು. ಅಲ್ಲಿಯವರೆಗೆ ಇದು ನಮ್ಮ ಉದ್ದನೆಯ ಹನಿಮೂನು ಎಂದು ನಾನೇ ಘೋಷಿಸಿಬಿಟ್ಟಿದ್ದೇನೆ.

ಫೆಬ್ರವರಿ 27

ಒಬ್ಬಳೇ ಇರುವುದು ಕಷ್ಟವೇನಲ್ಲ. ಜನ ಸುಮ್ಮನೆ ದೊಡ್ಡದು ಮಾಡುತ್ತಾರೆ. ಬೆಳಿಗ್ಗೆ ಅಭ್ಯಾಸಬಲದಿಂದ ಎರಡು ಕಪ್ಪು ಟೀ ಮಾಡಿದೆ, ಎರಡನ್ನೂ ನಾನೇ ಕುಡಿದೆ. ಪರದೆ ಹೊಲಿದೆ. ಗ್ಯಾಸ್ ಸಿಲಿಂಡರ್ ತಂದವನ ಹತ್ತಿರ ಊರಿನ ನೀರು, ಹವೆ, ಅವನ ಮೂವರು ಮಕ್ಕಳ ಓದು ಎಲ್ಲವನ್ನೂ ವಿಚಾರಿಸಿದೆ. ಅವನು ಚಿಲ್ಲರೆಯನ್ನೂ ತೆಗೆದುಕೊಳ್ಳದೆ ಹೊರಟುಹೋದ.

ಅಮ್ಮ ಫೋನಿನಲ್ಲಿ, "ಏನ್ ಮಾಡ್ತಿದೀಯೇ ಇಡೀ ದಿನ?" ಎಂದಳು. "ತುಂಬಾ ಬ್ಯುಸಿ ಅಮ್ಮ" ಎಂದೆ. ಸುಳ್ಳಲ್ಲ. ಪರದೆ ಇನ್ನೊಂದು ಬಾಕಿಯಿತ್ತು.

ಮಾರ್ಚ್ 6

ನನಗೆ ಕೆಲಸ ಸಿಕ್ಕಿದೆ. ಇವರಿಗೆ ಹೇಳಲು ಮೂರು ಸಲ ಫೋನ್ ಮಾಡಿದೆ, ನೆಟ್‌ವರ್ಕ್ ಇಲ್ಲ. ಆದ್ದರಿಂದ ಇಲ್ಲಿ ಹೇಳುತ್ತೇನೆ.

ನಮ್ಮ ಕ್ವಾರ್ಟರ್ಸಿನ ಹಿಂದೆ ಒಂದು ತಗ್ಗು ಕಟ್ಟಡವಿದೆ, ಕಿಟಕಿಗಳೆಲ್ಲ ಮುಚ್ಚಿರುತ್ತವೆ. ಶವಾಗಾರ ಎಂದುಕೊಂಡಿದ್ದೆ. ಅದು ಗಿಡಗಳನ್ನು ಬಾಟಲಿಯಲ್ಲಿ ಬೆಳೆಸುವ ಲ್ಯಾಬು. ಅಲ್ಲಿ ಗಾಜು ತೊಳೆಯುವ ಹೆಂಗಸನ್ನು ಎಲ್ಲರೂ ಬಾಟಲಕ್ಕ ಎನ್ನುತ್ತಾರೆ. ನಲ್ಲಿಯ ಹತ್ತಿರ ಸಿಕ್ಕಾಗ, ಲ್ಯಾಬಿನ ಹುಡುಗಿ ಹೆರಿಗೆ ರಜೆ ಹಾಕಿದ್ದಾಳೆ ಎಂದು ಅವರೇ ಹೇಳಿದ್ದು. ಕೂಡಲೇ ಲ್ಯಾಬಿನ ಮುಖ್ಯಸ್ಥೆ ಮೇಡಂ ಮುಂದೆ ಹೋಗಿ ನಿಂತೆ.

"ಟಿಶ್ಯೂ ಕಲ್ಚರ್ ಓದಿದೀರಾ?"

"ಬಿ.ಎಸ್ಸಿ.ಯಲ್ಲಿ ಓದಿದೀನಿ ಮೇಡಂ. ಡಿಸ್ಟಿಂಕ್ಷನ್."

"ಮಾಡಿದೀರಾ?"

"ಡಯಾಗ್ರಾಮ್ ಮಾಡಿದೀನಿ ಮೇಡಂ."

ಬಾಟಲಕ್ಕ ನಕ್ಕುಬಿಟ್ಟರು. ಮೇಡಂ ನಗಲಿಲ್ಲ. ನನ್ನ ಬೆರಳುಗಳನ್ನು ಮುಂದೆ ಚಾಚಿಸಿ, ನಡುಗುತ್ತವೆಯೋ ಎಂದು ನೋಡಿದರು. "ನಾಳೆ ಉಗುರು ಕತ್ತರಿಸ್ಕೊಂಡು ಬನ್ನಿ. ಬಣ್ಣ ಬೇಡ, ಸೆಂಟು ಬೇಡ, ಬಳೆ ಉಂಗುರ ಬೇಡ. ಗಿಡ ಕತ್ತರಿಸೋ ಗಾಜಿನ ಛೇಂಬರಿನ ಮುಂದೆ ಕೂತಾಗ ಮಾತು ಬೇಡ. ಬಾಯಿಂದ ಬರೋ ಗಾಳಿಯಲ್ಲೂ ಬೂಷ್ಟು ಇರುತ್ತೆ."

ಉಗುರು, ಸೆಂಟು ಸರಿ. ಮಾತಿನದ್ದೇ ಯೋಚನೆಯಾಗಿದೆ.

ಮಾರ್ಚ್ 16

ಭಾನುವಾರ. ಇವರ ಜೊತೆ ಜೀಪಿನಲ್ಲಿ ಹೋದೆ. ಕಾರಣ ಲ್ಯಾಬಿಗೆ ಮರದ ಕಡ್ಡಿ ತರುವುದಾದರೂ ನನ್ನ ಪಾಲಿಗೆ ಅದು ಟ್ರಿಪ್ಪೇ. ದಾರಿಯುದ್ದಕ್ಕೂ ಹಾಡಿದೆ. ಇವರಿಗೆ ನಿದ್ದೆ ಬರುತ್ತಿತ್ತು ಪಾಪ, ಆದರೂ ಸಹಿಸಿಕೊಂಡರು.

ನಾವು ಹೋದದ್ದು ಒಬ್ಬ ರಿಟೈರಾದ ಬಸ್ ಡ್ರೈವರ್ ಮನೆಗೆ. ಅವರ ಶೆಡ್ಡಿನ ಪಕ್ಕದಲ್ಲಿ ಒಂದು ಪ್ಲಮ್ ಮರವಿದೆ, ಅದರ ನೆರಳಲ್ಲಿ ಅವರ ಹಳೆಯ ವ್ಯಾನು. ಈ ತಳಿಗೆ ಜನ ಇಟ್ಟ ಹೆಸರು ಸೋಮಾರಿ. ಉಳಿದ ಪ್ಲಮ್‌ಗಳೆಲ್ಲ ಮುಗಿದು, ಜನ ಹಣ್ಣಿನ ಆಸೆ ಬಿಟ್ಟ ಮೇಲೆ ಇದು ಹಣ್ಣಾಗುತ್ತದಂತೆ.

"ಬೇರೆ ಮರಗಳೆಲ್ಲ ಡ್ಯೂಟಿ ಮುಗ್ಸಿ ಮನೆಗೆ ಹೋದ್ಮೇಲೆ ಇದು ಎದ್ದು ಹಲ್ಲುಜ್ಜತ್ತೆ" ಎಂದರು ಡ್ರೈವರು. "ಆದ್ರೆ ಅದರ ಹಣ್ಣು ತಿಂದೋರು ಬೇರೆ ಹಣ್ಣಿಗೆ ಹಣ್ಣು ಅನ್ನಲ್ಲ."

ಈ ತಳಿಯ ಬೇರೆಲ್ಲ ಮರಗಳೂ ಕೆಂಪು ಪಟ್ಟಿ ಬಿದ್ದು ಹೋಗಿವೆ. ಉಳಿದಿರುವುದು ಇದೊಂದೇ. ಹೋದ ವರ್ಷ ಇದರ ಎಲೆಗಳಲ್ಲೂ ಉಂಗುರ ಕಂಡಿದೆ. ಬಾಟಲಿಯಲ್ಲಿ ರೋಗವಿಲ್ಲದ ಗಿಡ ಸಿದ್ಧವಾಗುವವರೆಗೆ ಇದನ್ನು ಕೀಳಬಾರದು ಎಂದು ಮೇಡಂ ಬರೆದು ತಡೆ ತಂದಿದ್ದಾರೆ. ಕಡ್ಡಿ ಬೇರೆಡೆಯಿಂದ ತರೋಣವೆಂದರೆ ಬೇರೆಡೆಯೇ ಇಲ್ಲ.

ಡ್ರೈವರು ನನ್ನನ್ನೂ ಇವರನ್ನೂ ನೋಡಿ, "ಕೀಳೋಕೆ ಗಂಡ, ಉಳಿಸೋಕೆ ಹೆಂಡ್ತಿ. ಸರ್ಕಾರ ಒಳ್ಳೆ ಜೋಡಿ ಹುಡುಕಿದೆ" ಎಂದರು. ನನಗೆ ಆ 'ಜೋಡಿ' ಎಷ್ಟು ಹಿಡಿಸಿತೆಂದರೆ ವಾಪಸ್ ಬರುವಾಗ ಹಾಡಲಿಲ್ಲ, ಅದನ್ನೇ ಮೆಲುಕು ಹಾಕಿದೆ. ಇವರು ನೆಮ್ಮದಿಯಾಗಿ ಗಾಡಿ ಓಡಿಸಿದರು.

ಮಾರ್ಚ್ 30

ಕಡ್ಡಿಗಳನ್ನು ಬಿಸಿ ಪೆಟ್ಟಿಗೆಯಲ್ಲಿಟ್ಟು ಚಿಗುರಿಸಿದ್ದೇವೆ. ಇನ್ನು ತುದಿ ತೆಗೆಯುವ ಕೆಲಸ.

ಮರದ ಮೈಯೆಲ್ಲ ರೋಗವಿದ್ದರೂ ಚಿಗುರಿನ ತುತ್ತತುದಿಗೆ ಅದು ತಲುಪಿರುವುದಿಲ್ಲವಂತೆ. ಅಲ್ಲಿಗೆ ಇನ್ನೂ ನಾಳಗಳು ಬೆಳೆದಿರುವುದಿಲ್ಲ, ರಸ್ತೆಯಿಲ್ಲದ ಊರಿಗೆ ಬಸ್ಸು ಹೋಗದ ಹಾಗೆ. ಮೈಕ್ರೋಸ್ಕೋಪಿನ ಕೆಳಗೆ ಸೂಜಿಯಿಂದ ಒಂದೊಂದೇ ಪುಟ್ಟ ಎಲೆ ಬಿಡಿಸುತ್ತಾ ಹೋದರೆ, ಕೊನೆಗೆ ಹನಿಯಂತೆ ಹೊಳೆಯುವ ಒಂದು ಗುಮ್ಮಟ ಸಿಗುತ್ತದೆ. ಸಾಸಿವೆಕಾಳನ್ನು ಐದಾರು ಹೋಳು ಮಾಡಿದರೆ ಒಂದು ಹೋಳಿನಷ್ಟು. ಅದರ ಎರಡು ಪಕ್ಕದಲ್ಲಿ ಎಲೆಯಾಗಬೇಕಾದ ಎರಡು ಮೊಳಕೆ. ಅಷ್ಟನ್ನೇ ಕತ್ತರಿಸಿ ಗಾಜಿನ ಟ್ಯೂಬಿನಲ್ಲಿ ನೆಡಬೇಕು.

"ಗುಮ್ಮಟ, ಎರಡು ಎಲೆ. ಅಷ್ಟೇ" ಎಂದರು ಮೇಡಂ. "ಮೂರನೇ ಎಲೆ ಬಂತೋ, ಅದರ ಜೊತೆ ರೋಗಾನೂ ಬಂತು ಅಂತಲೇ ಲೆಕ್ಕ."

"ಇಷ್ಟು ಚಿಕ್ಕದು ಬದುಕುತ್ತಾ ಮೇಡಂ?"

"ಹೆಚ್ಚಿನವು ಸಾಯ್ತವೆ."

ಎಷ್ಟು ಸಲೀಸಾಗಿ ಹೇಳಿದರು. ಮೇಡಂಗೆ ಮನೆಯಲ್ಲಿ ಯಾರೂ ಇಲ್ಲವಂತೆ, ಬಾಟಲಕ್ಕ ಹೇಳಿದರು. ಅದಕ್ಕೇ ಇರಬೇಕು.

ಏಪ್ರಿಲ್ 15

ಮೊದಲ ಸಾಲು ಪೂರ್ತಿ ಕಂದಾಗಿದೆ. ಟ್ಯೂಬಿನೊಳಗೆ ಟೀ ಪುಡಿಯ ಚೂರು ಬಿದ್ದ ಹಾಗೆ ಕಾಣುತ್ತದೆ. ಎರಡನೆಯ ಸಾಲಿನಲ್ಲೂ ಹಸಿರಿಲ್ಲ.

ಇವರು ಈ ವಾರ ಬರಲಿಲ್ಲ. ಹೋದ ವಾರ ಬಂದಿದ್ದರು, ಆದರೆ ಶನಿವಾರ ಪೂರ್ತಿ ಮಲಗಿದರು. ನಾನು ಪಕ್ಕದಲ್ಲಿ ಕುಳಿತು ಮೆಲ್ಲಗೆ ಕಥೆ ಹೇಳುತ್ತಿದ್ದೆ. ನಿದ್ದೆಯಲ್ಲೇ "ಆಮೇಲೆ?" ಎಂದರು. ಎಷ್ಟು ಒಳ್ಳೆಯವರು.

ಈಚೆಗೆ ಕಲ್ಚರ್ ರೂಮಿನಲ್ಲಿ ದೀಪಗಳ ಕೆಳಗೆ ನಿಂತು ಟ್ಯೂಬುಗಳ ಹತ್ತಿರ ಮಾತಾಡುತ್ತೇನೆ. ಮುಚ್ಚಳ ಹಾಕಿರುವುದರಿಂದ ಬೂಷ್ಟಿನ ಭಯವಿಲ್ಲ. ಬಾಟಲಕ್ಕ ಒಮ್ಮೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, "ಅವೇನು ಉತ್ತರ ಕೊಡ್ತವಾ?" ಎಂದರು. "ಕೇಳಿಸ್ಕೊಳ್ತವೆ ಅಕ್ಕಾ" ಎಂದೆ. "ಹಂಗಾದ್ರೆ ನಮ್ಮನೆಯವರಿಗಿಂತ ವಾಸಿ" ಎಂದು ಹೋದರು.

ಏಪ್ರಿಲ್ 23

ಕೊನೆಯ ಕಡ್ಡಿಗಳ ತುದಿ ತೆಗೆದೆ. ಗುಮ್ಮಟ ಸಿಕ್ಕಿತು, ಎರಡು ಎಲೆ ಸಿಕ್ಕವು. ಮೂರನೆಯದು ಅವನ್ನು ಹಿಂದಿನಿಂದ ತಬ್ಬಿಕೊಂಡಿತ್ತು, ಮಗುವಿಗೆ ಶಾಲು ಹೊದಿಸಿದ ಹಾಗೆ. ತೆಗೆಯಲು ಸೂಜಿ ಹತ್ತಿರ ಒಯ್ದೆ, ಕೈ ಬರಲಿಲ್ಲ. ಇರಲಿ ಬಿಡು ಎಂದುಕೊಂಡೆ. ಅಷ್ಟು ದೊಡ್ಡ ಟ್ಯೂಬಿನಲ್ಲಿ ಒಂಟಿಯಾಗಿ ಕೂರುವುದೆಂದರೇನು ಎಂದು ಮೇಡಂಗೆ ಗೊತ್ತಿಲ್ಲ. ಆಮೇಲೆ ಎಲ್ಲವಕ್ಕೂ ಹಾಗೇ ಬಿಟ್ಟೆ. ಇದೇನು ಹೇಳುವಷ್ಟು ದೊಡ್ಡ ವಿಷಯವಲ್ಲ. ಕಣ್ಣಿಗೇ ಕಾಣದಷ್ಟು ಚಿಕ್ಕದು.

ಮೇ 29

ಎಲ್ಲ ಹಸಿರು. ಒಂದೂ ಸತ್ತಿಲ್ಲ. ಇಷ್ಟು ಖುಷಿಯನ್ನು ಎಲ್ಲಿಡಲಿ. ಪ್ರತಿಯೊಂದು ಟ್ಯೂಬಿನಲ್ಲೂ ಚಿಕ್ಕ ಚಿಕ್ಕ ಪೊದೆಗಳು, ಎಲೆಗಳು ಗಾಜಿಗೆ ಕೆನ್ನೆ ಒತ್ತಿಕೊಂಡಿವೆ. ಬಾಟಲಕ್ಕ "ನಿನ್ನ ಕೈಗುಣ ಕಣೇ" ಎಂದು ನನ್ನ ಕೈಯನ್ನೇ ತಿರುಗಿಸಿ ನೋಡಿದರು. ಮೇಡಂ ತರಬೇತಿಗೆಂದು ಹೊರಗೆ ಹೋಗಿದ್ದಾರೆ. ಬಂದು ನೋಡಲಿ.

ಸಂಜೆ ಇವರೇ ಫೋನ್ ಮಾಡಿದರು.

"ಸೋಮಾರಿದು ಏನಾಯ್ತು? ಅಕ್ಕಪಕ್ಕದ ತೋಟದವರು ದಿನಾ ಜಗಳ ತೆಗೀತಿದಾರೆ, ಇದರಿಂದಲೇ ಹೇನು ಬರ್ತಿದೆ ಅಂತ. ಬಾಟಲಿಯಲ್ಲಿ ಬಂತಾ?"

"ಎಲ್ಲಾ ಬದುಕಿವೆ ರೀ. ಕಾಡು ಬೆಳೆದ ಹಾಗೆ ಬೆಳೆದಿವೆ."

"ಗ್ಯಾರಂಟಿನಾ?"

"ನೂರಕ್ಕೆ ನೂರು."

"ಶಭಾಷ್ ಗಿಣಿ." ಆಮೇಲೂ ಫೋನ್ ಇಡಲಿಲ್ಲ. ಅಲ್ಲಿಯ ಲಾಡ್ಜಿನ ಹಾಸಿಗೆಯ ಬಗ್ಗೆ, ಜೀಪಿನ ಹಾರ್ನು ಕೆಟ್ಟ ಬಗ್ಗೆ, ಏನೇನೋ ಹೇಳಿದರು. ಮದುವೆಯಾದ ಮೇಲೆ ಇವರು ಇಷ್ಟು ಮಾತಾಡಿದ್ದು ಇದೇ ಮೊದಲು. ಎಲ್ಲ ಆ ಗಿಡಗಳಿಂದ.

ಜೂನ್ 9

ಸೋಮಾರಿಯನ್ನು ಕಿತ್ತರಂತೆ. ಇವರು ಹೋಗಿ, ಬಾಟಲಿಯಲ್ಲಿ ನಿಮ್ಮ ಮರ ಕ್ಷೇಮವಾಗಿದೆ ಎಂದು ಹೇಳಿದ್ದಕ್ಕೆ ಡ್ರೈವರು ತಾವೇ ಒಪ್ಪಿ ಸಹಿ ಹಾಕಿದರಂತೆ. ಕಾಯಿ ಇನ್ನೂ ಬಟಾಣಿಯಷ್ಟಿತ್ತಂತೆ.

"ಅವರು ಏನಂದ್ರು?"

"ಏನಿಲ್ಲ. ವ್ಯಾನು ತೆಗೆದು ರಸ್ತೆ ಮೇಲೆ ನಿಲ್ಸಿದ್ರು. ಮುಗಿಯೋವರೆಗೂ ಒಳಗೇ ಕೂತಿದ್ರು."

ಸ್ವಲ್ಪ ಬೇಜಾರಾಯಿತು. ಆದರೆ ಹೋಗಿ ನನ್ನ ಪೊದೆಗಳನ್ನು ನೋಡಿದ ಮೇಲೆ ಸರಿಹೋಯಿತು.

ಜೂನ್ 24

ಎಲೆ ಅರೆದು ಪರೀಕ್ಷೆಗೆ ಹಾಕಿದ್ದೆವು. ಗುಳಿಗುಳಿಯಾದ ಒಂದು ಪ್ಲಾಸ್ಟಿಕ್ ತಟ್ಟೆ. ರೋಗವಿದ್ದರೆ ಗುಳಿಯ ನೀರು ಹಳದಿಯಾಗುತ್ತದೆ, ಇಲ್ಲದಿದ್ದರೆ ನೀರಾಗಿಯೇ ಇರುತ್ತದೆ. ಮೇಡಂ ಮತ್ತು ನಾನು ನಿಂತು ನೋಡುತ್ತಿದ್ದೆವು. ಒಂದು ಹಳದಿಯಾಯಿತು. ಅದರ ಪಕ್ಕದ್ದು. ಆಮೇಲೆ ಇಡೀ ತಟ್ಟೆ.

ಮೇಡಂ ಕುರ್ಚಿ ಎಳೆದುಕೊಂಡು ಕುಳಿತರು. "ಎಷ್ಟು ಎಲೆ ಬಿಟ್ಟಿದ್ರಿ?"

"ಮೂರು. ಕೆಲವಕ್ಕೆ ನಾಲ್ಕು."

"ಯಾಕೆ?"

"ಪಾಪ ಅನ್ನಿಸ್ತು ಮೇಡಂ."

ಬೈದಿದ್ದರೆ ಚೆನ್ನಾಗಿತ್ತು. "ಬದುಕಿರೋದು ಬೇರೆ, ರೋಗ ಇಲ್ದಿರೋದು ಬೇರೆ" ಎಂದರು. "ಹೊರಗಡೆ ಇದ್ದ ರೋಗಾನ ತಂದು ಬಾಟಲಿಯಲ್ಲಿ ಸಾಕಿದೀವಿ." ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಪರೀಕ್ಷೆ ಆಗೋ ಮೊದಲು ಮರ ಕೀಳೋಕೆ ಹೇಳಿದ್ದು ಯಾರು?" ಎಂದು ಕೇಳಿದರು.

ನಾನು ಎಂದೆ.

ಜೂನ್ 25

ಅಡುಗೆ ಮಾಡಲಿಲ್ಲ.

ಜೂನ್ 28

ಇವರು ಬಂದರು. ಹೇಳಬೇಕೆಂದು ಇದ್ದೆ. ಹೊಸ ಶರ್ಟಿನ ಗುಂಡಿ ಬಿದ್ದಿದೆ, ಹಾಕಿಕೊಡು ಎಂದರು. ಹಾಕಿಕೊಟ್ಟೆ.

ಜುಲೈ 6

ಹೇಳಿದೆ. ಊಟ ಮುಗಿದು ತಟ್ಟೆ ಎತ್ತುವ ಮೊದಲು ಹೇಳಿದೆ, ಇಲ್ಲದಿದ್ದರೆ ಇನ್ನೊಂದು ವಾರ ಹೋಗುತ್ತಿತ್ತು.

ಇವರು ತಟ್ಟೆಯನ್ನು ಮುಂದಕ್ಕೆ ತಳ್ಳಿದರು. "ಆ ಮನುಷ್ಯನಿಗೆ ನಾನು ಏನ್ ಹೇಳಿ ಸಹಿ ಹಾಕಿಸ್ದೆ ಗೊತ್ತಾ?"

"ಗೊತ್ತು."

"ನನ್ನ ಹೆಂಡ್ತಿ ಹೇಳಿದಾಳೆ ಅಂದೆ. ಬೇರೆ ಯಾರೇ ಹೇಳಿದ್ರೂ ನಾನೇ ನಂಬ್ತಿರ್ಲಿಲ್ಲ."

ನಾನು ಅತ್ತೆ. ಸಮಾಧಾನ ಮಾಡುತ್ತಾರೆ ಎಂದುಕೊಂಡೆ. ಎದ್ದು ಕೈ ತೊಳೆದು ಹೊರಗೆ ಹೋದರು. ಸೋಮವಾರ ಹೊರಡುವವರು ಭಾನುವಾರವೇ ಹೊರಟರು. ಹೆಸರು ಹಿಡಿದು ಕರೆದು, ಬಾಗಿಲು ಹಾಕಿಕೋ ಎಂದರು. ನನ್ನ ನಿಜವಾದ ಹೆಸರು.

ಜುಲೈ 9

ಮೂರು ದಿನದಿಂದ ಲ್ಯಾಬಿಗೆ ಹೋಗಿರಲಿಲ್ಲ. ಮೇಡಂ ಬಾಗಿಲಿಗೇ ಬಂದರು. ಒಳಗೆ ಬನ್ನಿ ಎಂದರೆ ಬರಲಿಲ್ಲ. ಬೂಟು ಕೆಸರಾಗಿತ್ತು.

"ಅಳೋದು ಮುಗಿದ್ರೆ ಬನ್ನಿ, ಕೆಲಸ ಇದೆ."

"ಇನ್ನೇನು ಉಳಿದಿದೆ ಮೇಡಂ?"

"ನಿಮ್ಮ ರೋಗದ ಗಿಡಗಳು ಉಳಿದಿವೆಯಲ್ಲ. ಈಗ ಸೋಮಾರಿ ಅಂದ್ರೆ ಅವೇ. ಟ್ಯೂಬಿನ ಸಮೇತ ಬಿಸಿ ಪೆಟ್ಟಿಗೆಯಲ್ಲಿಡೋಣ, ಬಿಸಿಗೆ ರೋಗ ಕುಗ್ಗತ್ತೆ. ಆಮೇಲೆ ಮತ್ತೆ ತುದಿ ತೆಗೆಯೋದು."

"ನೀವೇ ತೆಗೀರಿ ಮೇಡಂ. ನನ್ನ ಕೈಗೆ ಕೊಡಬೇಡಿ."

"ನನ್ನ ಕಣ್ಣಿಗೆ ಪೊರೆ ಬಂದಿದೆ. ಇಲ್ದಿದ್ರೆ ನಿಮ್ಮ ಡಯಾಗ್ರಾಮ್ ನೋಡಿ ಕೆಲಸ ಕೊಡ್ತಿದ್ನಾ?"

ಬಟ್ಟೆ ಬದಲಿಸಿ ಹೋದೆ.

ಆಗಸ್ಟ್ 13

ಇಡೀ ವಾರ ತುದಿ ತೆಗೆದೆ. ಗುಮ್ಮಟ, ಎರಡು ಎಲೆ. ಮೂರನೆಯದನ್ನು ಸೂಜಿಯ ಮೊನೆಯಲ್ಲಿ ಒತ್ತಿ ಎತ್ತಿದರೆ ತಾನಾಗಿ ಬರುತ್ತದೆ. ಎಳೆಯಬಾರದು. ಎಳೆದರೆ ಗುಮ್ಮಟ ಸಿಗಿಯುತ್ತದೆ. ಇದು ಪುಸ್ತಕದಲ್ಲಿ ಇರಲಿಲ್ಲ.

ತುದಿ ತೆಗೆದು ಉಳಿದ ಪೊದೆಗಳನ್ನು, ರೋಗ ಸಾಯಲೆಂದು, ಟ್ಯೂಬುಗಳ ಸಮೇತ ಲ್ಯಾಬಿನ ಕುಕ್ಕರಿನಲ್ಲಿ ಬೇಯಿಸಿ ಚೆಲ್ಲಿದೆವು. ಬಾಟಲಕ್ಕ, "ಎಷ್ಟು ಚೆಂದ ಬೆಳೆದಿದ್ವು" ಎಂದರು. ಚೆಂದ ಬೆಳೆದಿದ್ದವು, ನಿಜ.

ಆಗಸ್ಟ್ 30

ಇವರು ಬಂದಾಗ ಜೀಪಿನ ಮುಂದಿನ ಗಾಜು ಒಡೆದಿತ್ತು. ಯಾರೋ ಕಲ್ಲೆಸೆದರಂತೆ. "ಏಟಾಯ್ತಾ?" ಎಂದೆ. ಇಲ್ಲವೆಂದರು. ಒಂದು ತೋಟದಲ್ಲಿ ಬೆಳಗಿನಿಂದ ಸಂಜೆಯವರೆಗೆ ಕುಡಿಯಲು ನೀರೂ ಕೊಡಲಿಲ್ಲವಂತೆ. ಅದನ್ನು ಬೇರೆ ಯಾರದೋ ಕಥೆಯಂತೆ ಹೇಳಿದರು. ಬೆರಳ ಸಂದಿಯಲ್ಲಿ ಕೆಂಪು ಬಣ್ಣ ಒಣಗಿತ್ತು. ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಒರೆಸಿದೆ. ಇಷ್ಟು ದಿನ ಲಾಡ್ಜಿನಲ್ಲಿ ಇವರು ಯಾರ ಹತ್ತಿರ ಮಾತಾಡುತ್ತಿದ್ದರೋ, ನಾನು ಕೇಳಿಯೇ ಇರಲಿಲ್ಲ. ನನ್ನದನ್ನೇ ಹೇಳುತ್ತಿದ್ದೆ.

ಟ್ಯೂಬುಗಳಲ್ಲಿ ಬಹಳಷ್ಟು ಕಂದಾಗಿವೆ. ನಾಲ್ಕೋ ಐದೋ ತಿಳಿಹಸಿರು.

ಸೆಪ್ಟೆಂಬರ್ 17

ಎರಡು ಉಳಿದಿವೆ. ಅಮ್ಮ ಫೋನ್ ಮಾಡಿ, ಮಾತೇ ಆಡಲ್ಲ ಈಚೆಗೆ, ಏನಾಗಿದೆ ನಿನಗೆ ಎಂದಳು. ಏನೂ ಆಗಿಲ್ಲ. ಹೇಳುವಂಥದ್ದು ಇರಲಿಲ್ಲ, ಅಷ್ಟೇ.

ಅಕ್ಟೋಬರ್ 20

ಪರೀಕ್ಷೆ. ಒಂದು ಹಳದಿ. ಇನ್ನೊಂದು ನೀರಾಗಿಯೇ ಉಳಿಯಿತು.

ಮೇಡಂ ತಟ್ಟೆಯನ್ನು ಕಿಟಕಿಯ ಹತ್ತಿರ ಒಯ್ದು, ಬಿಳಿ ಕಾಗದದ ಮೇಲಿಟ್ಟು, ಪೊರೆ ಬಂದ ಕಣ್ಣನ್ನು ಅದಕ್ಕೆ ತಾಗಿಸುವಷ್ಟು ಬಗ್ಗಿ ನೋಡಿದರು. "ನಿಮಗೇನ್ ಕಾಣತ್ತೆ?"

"ನೀರು ಮೇಡಂ."

"ಇನ್ನೂ ಎರಡು ಸಲ ನೋಡ್ಬೇಕು. ಚಳಿಗಾಲದಲ್ಲೊಂದು, ಬೇಸಿಗೆಯಲ್ಲೊಂದು. ಅಲ್ಲಿವರೆಗೆ ಇದನ್ನ ಕತ್ತರಿಸಿ ಕತ್ತರಿಸಿ ಹೆಚ್ಚು ಮಾಡ್ಕೊಬೇಕು. ಆಮೇಲೆ ಬೇರು, ಆಮೇಲೆ ಮಣ್ಣು." ತಟ್ಟೆಯಿಂದ ಕಣ್ಣೆತ್ತಿ, "ನೀವು ಹೋಗೋದು ಯಾವಾಗ?" ಎಂದರು.

ಸರ್ವೆ ಮುಗಿಯುತ್ತ ಬಂದಿದೆ. ಮುಂದಿನ ತಿಂಗಳು ಎಂದೆ.

ಬಾಟಲಕ್ಕ ಮೇಡಂಗೂ ನನಗೂ ತಮಗೂ ಟೀ ತಂದರು. ಮೂವರೂ ಗಿಡದ ಮುಂದೆ ನಿಂತು ಕುಡಿದೆವು. ಯಾರೂ ಅದನ್ನು ಚೆಂದ ಎನ್ನಲಿಲ್ಲ. ಇನ್ನೂ ಮೂರೇ ಎಲೆ, ಒಂದು ಸೊಟ್ಟ.

ನವೆಂಬರ್ 16

ಸಾಮಾನು ಕಟ್ಟಿ ಮುಗಿಸಿದೆವು. ಪೆಟ್ಟಿಗೆಗಳೆಲ್ಲ ಬಾಗಿಲ ಹತ್ತಿರ ಇವೆ. ಲಾರಿ ಬುಧವಾರ ಬರುತ್ತದೆ.

ಇವತ್ತು ಡ್ರೈವರ ಮನೆಗೆ ಹೋಗಿಬರೋಣ ಎಂದೆ. ಇವರು, ನಾನೊಬ್ಬನೇ ಹೋಗಿ ಹೇಳಿಬರುತ್ತೇನೆ, ಸಹಿ ಹಾಕಿಸಿದ್ದು ನಾನು ಎಂದರು. ಬೇಡ, ಮಾತು ನನ್ನದು ಎಂದೆ.

ಮರವಿದ್ದ ಜಾಗದಲ್ಲಿ ಮಣ್ಣು ಮುಚ್ಚಿ ಸಮ ಮಾಡಿದ್ದಾರೆ. ವ್ಯಾನು ಬಿಸಿಲಿನಲ್ಲೇ ನಿಂತಿದೆ. ಡ್ರೈವರು ನಮಗೆ ಸ್ಟೂಲು ತಂದು ಹಾಕಿ, ತಾವು ಬಾಗಿಲ ಮೆಟ್ಟಿಲ ಮೇಲೆ ಕುಳಿತರು. ಮೊದಲಿನಿಂದ ಹೇಳಿದೆ. ಮೂರನೆಯ ಎಲೆಯ ವಿಷಯ, ಬದುಕಿವೆ ಎಂದದ್ದು, ರೋಗ ನೋಡದೇ ಹೇಳಿದ್ದು, ಹಳದಿ ತಟ್ಟೆ, ಬೇಯಿಸಿ ಚೆಲ್ಲಿದ್ದು.

"ಅಂದ್ರೆ ಆವತ್ತು ಕಿತ್ತಾಗ ಬಾಟಲಿಯಲ್ಲಿ ಏನೂ ಇರ್ಲಿಲ್ಲ."

"ರೋಗ ಇತ್ತು. ಬೇರೇನೂ ಇರ್ಲಿಲ್ಲ."

ಅವರು ಇವರ ಕಡೆ ತಿರುಗಿದರು. "ನಿಮಗೆ ಗೊತ್ತಿತ್ತಾ?"

"ಆವತ್ತು ಗೊತ್ತಿರ್ಲಿಲ್ಲ. ಆಮೇಲೆ ಗೊತ್ತಾಯ್ತು. ಬಂದು ಹೇಳೋಕೆ ಮುಖ ಇರ್ಲಿಲ್ಲ" ಎಂದರು ಇವರು.

ಡ್ರೈವರು ಆ ಸಮ ಮಾಡಿದ ಮಣ್ಣನ್ನು ನೋಡಿದರು. "ಈಗ ಎಷ್ಟಿದೆ?"

"ಒಂದು."

"ಅದಕ್ಕೆ ರೋಗ ಇಲ್ಲ ಅಂತ ಖಾತ್ರಿನಾ?"

"ಇಲ್ಲ. ಒಂದು ಸಲ ನೋಡಿದೀವಿ. ಇನ್ನೂ ಎರಡು ಸಲ ನೋಡ್ಬೇಕು."

"ಹಣ್ಣಿಗೆ?"

"ಎಲ್ಲಾ ಸರಿಹೋದ್ರೆ ಆರೇಳು ವರ್ಷ."

"ನನಗೆ ಎಪ್ಪತ್ತು ದಾಟಿದೆ. ಹುಟ್ಟೋದ್ರಲ್ಲೂ ಸೋಮಾರಿತನ ಬಿಡ್ಲಿಲ್ಲ ನೋಡು ಅದು." ನಗುತ್ತಾರೆಂದುಕೊಂಡೆ, ನಗಲಿಲ್ಲ. "ನೀವು ಸಿಟಿಗೆ ಹೊರಟ್ರಂತಲ್ಲ. ಅದನ್ನ ನೋಡ್ಕೊಳೋರು ಯಾರು?"

"ನಾನು ನೋಡ್ಕೊತೀನಿ. ನಾನು ಇಲ್ಲೇ ಇರ್ತೀನಿ."

ಹೇಳಿದ ಮೇಲೆ ನೋಡಿದೆ, ಇವರು ಸ್ಟೂಲಿನಿಂದ ಎದ್ದು ನಿಂತಿದ್ದರು. ಡ್ರೈವರೂ ನೋಡಿದರು. "ಮಣ್ಣಿಗೆ ಬರೋ ಹೊತ್ತಿಗೆ ಹೇಳಮ್ಮ, ಗುಂಡಿ ತೋಡಿರ್ತೀನಿ. ಇಲ್ಲೇ ಬೇಡ, ಆ ಕಡೆ" ಎಂದಷ್ಟೇ ಹೇಳಿ ಒಳಗೆ ಹೋದರು.

ಕ್ವಾರ್ಟರ್ಸಿನ ಹತ್ತಿರ ಜೀಪು ನಿಲ್ಲಿಸಿದ ಮೇಲೆ, ಇವರು ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡೇ, "ನಿನ್ನಮ್ಮಂಗೆ ನೀನೇ ಹೇಳ್ತೀಯಾ?" ಎಂದರು.

"ಹೇಳ್ತೀನಿ."

"ಶುಕ್ರವಾರ ಸಂಜೆ ಅಲ್ಲಿಂದ ಒಂದು ಬಸ್ಸಿದೆ. ಶನಿವಾರ ಬೆಳಿಗ್ಗೆ ಇಲ್ಲಿ ಮುಟ್ಟತ್ತೆ."

"ಗೊತ್ತು."

ಒಳಗೆ ಹೋಗಿ ಪೆಟ್ಟಿಗೆಗಳ ಹಗ್ಗ ಬಿಚ್ಚಿದೆವು. ನನ್ನ ಸಾಮಾನು ತೆಗೆದು, ಇವರದ್ದನ್ನು ಬಿಟ್ಟು, ಮತ್ತೆ ಕಟ್ಟಬೇಕಿತ್ತು. ಬೇಗ ಮುಗಿಯುತ್ತದೆ ಎಂದುಕೊಂಡಿದ್ದೆ. ಕಟ್ಟುವಾಗ ಯಾವುದು ಯಾರದ್ದು ಎಂದು ನೋಡದೆ ಎಲ್ಲವನ್ನೂ ಒಟ್ಟಿಗೇ ತುಂಬಿದ್ದೆವು. ಇವರ ಕಾಲುಚೀಲಗಳನ್ನು ನನ್ನ ಲೋಟಗಳ ಸುತ್ತ ಸುತ್ತಿದ್ದೆವು. ಒಂದೊಂದಾಗಿ ಬಿಡಿಸಿದೆವು.